ಎಂಜಿನ್ ದೀಪ ಮತ್ತು ನನ್ನ ಸಿಟ್ಟು

ನನಗೆ ಸುಮ್ಮಸುಮ್ಮನೆ ಸಿಟ್ಟು ಬರುವುದಿಲ್ಲ ಎಂದು ನಾನು ಬಹಳ ಕಾಲದಿಂದ ನಂಬಿಕೊಂಡು ಬಂದಿದ್ದೇನೆ. ನಮ್ಮ ಮನೆಯಲ್ಲಿ ಈ ನಂಬಿಕೆಗೆ ಬೇರೆ ಯಾರ ಬೆಂಬಲವೂ ಇಲ್ಲ. ಇರಲಿ. ಕಾರಿನ ವಿಷಯದಲ್ಲಿ ಬಂದ ಸಿಟ್ಟಿಗಂತೂ ಕಾರಣವಿತ್ತು. ಹೇಳುತ್ತೇನೆ, ನೀವೇ ತೀರ್ಮಾನಿಸಿ.

ನಾವಿರುವುದು ತೆಲುಗು, ಉರ್ದು ಎರಡನ್ನೂ ಆಡುವ ಊರಿನ ಮಣಿಕೊಂಡ ಬಡಾವಣೆಯಲ್ಲಿ. ಒಂದು ಬೆಳಿಗ್ಗೆ ಸುಲ್ತಾನ್ ಬಜಾರಿಗೆಂದು ಹೊರಟು ಕಾರಿನ ಕೀಲಿ ತಿರುವಿದೆ. ಸ್ಟಿಯರಿಂಗಿನ ಮುಂದಿನ ಫಲಕದಲ್ಲಿ ಎಂಜಿನ್ನಿನ ಆಕಾರದ ಒಂದು ಹಳದಿ ದೀಪವಿದೆ. ಕೀಲಿ ತಿರುವಿದಾಗ ಅದು ಹೊತ್ತಿ, ಎಂಜಿನ್ ಚಾಲೂ ಆದೊಡನೆ ಆರಿಬಿಡುವುದು ವಾಡಿಕೆ. ಅಂದು ಆರಲಿಲ್ಲ. ಮೆಹದಿಪಟ್ನಂ ದಾಟಿದರೂ ಉರಿಯುತ್ತಲೇ ಇತ್ತು.

ನನಗೆ ರೇಗಿದ್ದು ದೀಪ ಹೊತ್ತಿದ್ದಕ್ಕಲ್ಲ, ಅದು ಹೇಳುವ ರೀತಿಗೆ. ಪೆಟ್ರೋಲ್ ಮುಗಿಯುತ್ತ ಬಂದರೆ ಕಾರು ಸ್ಪಷ್ಟವಾಗಿ ಹೇಳುತ್ತದೆ. ಬಾಗಿಲು ಸರಿಯಾಗಿ ಹಾಕದಿದ್ದರೆ ಹೇಳುತ್ತದೆ. ಪಕ್ಕದ ಸೀಟಿನಲ್ಲಿ ಕುಂಬಳಕಾಯಿ ಇಟ್ಟರೂ ಅದಕ್ಕೆ ಬೆಲ್ಟ್ ಹಾಕಿಲ್ಲವೆಂದು ಕಿರಿಚಿಕೊಳ್ಳುತ್ತದೆ. ಎಂಜಿನ್ನಿನಂಥ ಮುಖ್ಯ ಸಂಗತಿಗೆ ಮಾತ್ರ 'ಏನೋ ಆಗಿದೆ' ಎಂದಷ್ಟೇ ಹೇಳಿ ಬಾಯಿ ಮುಚ್ಚಿಕೊಳ್ಳುತ್ತದೆ. ನಮ್ಮ ದೊಡ್ಡಮ್ಮ ಒಬ್ಬರು ಹೀಗೇ ಇದ್ದರು. ಮುಖ ಊದಿಸಿಕೊಂಡು ಕೂತಿರುತ್ತಿದ್ದರು; ಏನಾಯಿತೆಂದು ಕೇಳಿದರೆ 'ಏನಿಲ್ಲ' ಎನ್ನುತ್ತಿದ್ದರು. ಇಡೀ ಮನೆ ಆ 'ಏನಿಲ್ಲ'ದ ಸುತ್ತ ದಿನವೆಲ್ಲ ತಿರುಗಬೇಕಾಗುತ್ತಿತ್ತು.

ಇನ್ನೊಂದು ಮಾತು. ನಾನು ಹುಟ್ಟಿ ಬೆಳೆದ ಧಾರವಾಡದ ಮನೆಯಲ್ಲಿ 'ದೀಪ ಆರಿಸು' ಎನ್ನುವಂತಿರಲಿಲ್ಲ. ಅದು ಅಪಶಕುನ. 'ದೀಪ ಶಾಂತ ಮಾಡು' ಎನ್ನಬೇಕು. ಹಾಗೆ ಬೆಳೆದ ನಾನು, ಒಂದು ದೀಪ ಆರಿಹೋಗಲಿ ಎಂದು ಬಾಯಿಬಿಟ್ಟು ಬೇಡಿಕೊಂಡದ್ದು ಇದೇ ಮೊದಲು.

ಸರ್ವಿಸ್ ಸೆಂಟರಿಗೆ ಹೋದೆವು. ಹೋದೆವು ಎಂದರೆ ನಾನು ಕಾರು ನಡೆಸಿಕೊಂಡು ಹೋದೆ, ನಮ್ಮವರು ಪಕ್ಕದಲ್ಲಿ ಕೂತು ಬಂದರು. ನಮ್ಮವರಿಗೆ, ಅಂದರೆ ಶಿವಾನಂದರಿಗೆ, ಕಾರು ನಡೆಸಲು ಬರುವುದಿಲ್ಲ. ಬಾನೆಟ್ ಎತ್ತುವುದು ಹೇಗೆ ಎಂಬುದೂ ಗೊತ್ತಿಲ್ಲ. ಆದರೆ ಅಲ್ಲಿನ ಅಡ್ವೈಸರ್ ನನ್ನ ಕೈಯಿಂದ ಕೀಲಿ ತೆಗೆದುಕೊಂಡು, ಅವರ ಕಡೆ ತಿರುಗಿ, "ಬೋಲಿಯೇ ಸರ್, ಕ್ಯಾ ಪ್ರಾಬ್ಲಂ ಹೈ?" ಎಂದು ಕೇಳಿದ. ಇವರು ಗಂಭೀರವಾಗಿ ತಲೆಯಾಡಿಸಿದರು. ನಾನು ಸಮಸ್ಯೆ ಹೇಳಿದೆ. ಆತ ಇವರನ್ನು ನೋಡುತ್ತ ಕೇಳಿಸಿಕೊಂಡ.

ಕಾರನ್ನು ಒಳಗೆ ಒಯ್ದು, ಸ್ವಲ್ಪ ಹೊತ್ತಿನ ಮೇಲೆ ಬಂದು, ಸೈಲೆನ್ಸರ್ ದಾರಿಯಲ್ಲಿ ಹೊಗೆ ಶುದ್ಧಮಾಡುವ ದೊಡ್ಡ ಭಾಗವೊಂದು ಹೋಗಿದೆ, ಬದಲಿಸಬೇಕು, ಗಾಡಿ ಹಳೆಯದಾದ್ದರಿಂದ ಇನ್ನೂ ಏನೇನು ಹೊರಬೀಳುತ್ತದೋ ಹೇಳಲಾಗದು ಎಂದ. ದೋಷ ಗುರುತಿಸುವ ನಿಮ್ಮ ಯಂತ್ರದಲ್ಲಿ ಯಾವ ಕೋಡ್ ಬಂತು ಎಂದು ನಾನು ಕೇಳಿದೆ. ಅದಕ್ಕೂ ಇವರನ್ನೇ ನೋಡುತ್ತ, "ಮೇಡಂ ಕೋ ಸಮಝ್ ಮೇ ನೈ ಆತಾ ಸರ್, ಟೆಕ್ನಿಕಲ್ ಹೈ" ಎಂದ. ಮೇಡಂಗೆ ಅರ್ಥವಾಗುವುದಿಲ್ಲವಂತೆ.

ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು. ಲೆಕ್ಕದ ಹಂತಗಳನ್ನು ತೋರಿಸದೆ ಉತ್ತರ ಮಾತ್ರ ಬರೆದಿಟ್ಟವರಿಗೆ ಎಂದೂ ಅಂಕ ಕೊಟ್ಟವಳಲ್ಲ. ಕೀಲಿ ಕಸಿದುಕೊಂಡು ಹೊರಗೆ ಬಂದೆ.

ದಾರಿಯಲ್ಲಿ ಇವರೆಂದರು: "ಅಂವಾ ಹೇಳೂದ್ರಾಗೂ ಖರೇ ಐತಿ. ಗಾಡಿ ಭಾಳ ಹಳೇದಾತು. ಮಾರಿಬಿಡೂಣು."

"ನಿಮಗ ಅಂವಾ ಏನ ಹೇಳಿದಾ ತಿಳೀತೇನ್ರಿ?" ಎಂದು ಕೇಳಿದೆ.

"ತಿಳೀಲಿಲ್ಲ. ಆದ್ರ ದೊಡ್ಡದೇನೋ ಹೇಳಿದಾ."

ಮರುದಿನ ಬಸ್ಸು ಹತ್ತಿ ಕೋಠಿಗೆ ಹೋಗಿ, ಕಾರಿನ ಕೋಡ್ ಓದುವ, ಬೆಂಕಿಪೆಟ್ಟಿಗೆಗಿಂತ ಸ್ವಲ್ಪ ದೊಡ್ಡದಾದ ಒಂದು ಸ್ಕ್ಯಾನರ್ ಕೊಂಡು ತಂದೆ. ಸ್ಟಿಯರಿಂಗಿನ ಕೆಳಗೆ, ಮೊಣಕಾಲಿನ ಮೇಲ್ಗಡೆ, ಅದನ್ನು ಸಿಕ್ಕಿಸುವ ಜಾಗವೊಂದು ಎಲ್ಲ ಕಾರುಗಳಲ್ಲೂ ಇರುತ್ತದಂತೆ. ಇಷ್ಟು ವರ್ಷ ಅದರ ಎದುರೇ ಕೂತು ಕಾರು ನಡೆಸಿದ್ದೇನೆ, ನೋಡಿರಲಿಲ್ಲ. ಸಿಕ್ಕಿಸಿ, ಮೊಬೈಲಿಗೆ ಜೋಡಿಸಿದೆ. ಪಿ ಸೊನ್ನೆ ಒಂದು ಏಳು ಒಂದು ಎಂದು ಬಂತು. ಅರ್ಥ ಹುಡುಕಿದರೆ, ಎಂಜಿನ್ನಿನೊಳಗೆ ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ ಆಗುತ್ತಿದೆ ಎಂದಿತ್ತು. ಸೈಲೆನ್ಸರಿನ ಸುದ್ದಿಯೇ ಇರಲಿಲ್ಲ. ದೊಡ್ಡಮ್ಮನ ಹಾಗೆ ಏನಿಲ್ಲ ಏನಿಲ್ಲ ಎನ್ನುವಂತಿದ್ದ ಕಾರು ಒಳಗೊಳಗೇ ಇಷ್ಟು ಸ್ಪಷ್ಟವಾಗಿ ಹೇಳುತ್ತಿತ್ತು, ಕೇಳಬೇಕಾದವರು ಕೇಳಿಸಿಕೊಂಡು ನನಗೆ ಬೇರೇನೋ ಹೇಳಿದ್ದರು. ಅಂದು ಆ ಸಿಟ್ಟಿನಲ್ಲಿ ಚಹಾಕ್ಕೆ ಸಕ್ಕರೆಯ ಬದಲು ಉಪ್ಪು ಹಾಕಿದೆನೆಂದು ಇವರು ಈಗಲೂ ಹೇಳುತ್ತಾರೆ.

ಆ ಕೋಡಿನ ಕೆಳಗೇ 'ಅಳಿಸು' ಎಂಬ ಗುಂಡಿಯಿತ್ತು. ನೋಡೋಣವೆಂದು ಒತ್ತಿದೆ. ದೀಪ ಹೋಯಿತು. ಇವರು, "ರಿಪೇರಿ ಆತಲ್ಲ, ಮುಗೀತು" ಎಂದು ಪೇಪರ್ ಹಿಡಿದು ಕೂತರು. ಕೆಲವು ದಿನ ಓಡಾಡಿದ ಮೇಲೆ ದೀಪ ಮತ್ತೆ ಬಂತು. ಬರದೇ ಏನು ಮಾಡೀತು? ತಪ್ಪಾದ ಲೆಕ್ಕವನ್ನು ಹಲಗೆಯಿಂದ ಒರೆಸಿದರೆ ಹಲಗೆ ಸ್ವಚ್ಛವಾಗುತ್ತದೆ, ಅಷ್ಟೇ.

ಈ ನಡುವೆ ಇವರು ಗಾಡಿ ಮಾರುವ ಸುದ್ದಿಯನ್ನು ತಮ್ಮ ತಮ್ಮನಿಗೆ ಮುಟ್ಟಿಸಿದ್ದರು. ನನ್ನ ಮೈದುನ ಬಸವರಾಜ ದೊಡ್ಡ ಹುದ್ದೆಯಲ್ಲಿದ್ದವನು. ಇಲ್ಲಿನ ನಮ್ಮ ಕನ್ನಡದವರ ಕೂಟಗಳಲ್ಲಿ ಶುದ್ಧ ನಡತೆಯ ಬಗ್ಗೆ ಚೆನ್ನಾಗಿ ಮಾತಾಡುತ್ತಾನೆ. ಕೇಳಿದವರ ಕಣ್ಣು ಒದ್ದೆಯಾಗುತ್ತದೆ. ಆತನೇ ಒಬ್ಬ ಗಿರಾಕಿಯನ್ನು ಹುಡುಕಿದ. ದೀಪ ಅಳಿಸಿದರೂ ಮತ್ತೆ ಬರುತ್ತದೆಂದು ನಾನು ಹೇಳಿದಾಗ ಅವನ ಮುಖ ಅರಳಿತು.

"ಅಳಿಸಿದ ಕೂಡಲೆ ಬರೂದಿಲ್ಲಲ್ಲ ವೈನಿ? ಹಂಗಾರ ಅವ್ರು ಬರೋ ದಿನಾ ಮುಂಜಾನೆ ಅಳಿಸಿಬಿಡೂಣು. ಮುಂದ ಬಂದ್ರ ಅವರ ಗಾಡಿ, ಅವರ ದೀಪ."

"ನೀ ಹೋದ ವಾರ ಭಾಷಣದಾಗ ಏನ ಹೇಳಿದ್ದಿ, ನೆನಪೈತೇನು?"

"ಅದು ಭಾಷಣ, ವೈನಿ. ಇದು ವ್ಯವಹಾರ."

ಇದನ್ನು ಅವನು ನಗದೆ ಹೇಳಿದ. ಇವರು ಪೇಪರಿನ ಹಿಂದೆ ಇದ್ದರು. ನಾನು ಒಪ್ಪಲಿಲ್ಲ, ಆದರೆ ಅವರು ಬರುವ ದಿನ ಬೆಳಿಗ್ಗೆ ಸ್ನಾನ ಮುಗಿಸಿ ಕೆಳಗಿಳಿದು ಬರುವಷ್ಟರಲ್ಲಿ ಬಸವರಾಜ ನನ್ನ ಸ್ಕ್ಯಾನರಿಗೆ ತನ್ನ ಮೊಬೈಲನ್ನೇ ಜೋಡಿಸಿ ಅಳಿಸುವ ಕೆಲಸ ಮುಗಿಸಿದ್ದ. ಗಿರಾಕಿಯೂ ಬಂದಾಗಿತ್ತು.

ಸಿರೀಷ ಎಂಬ ಹುಡುಗಿ, ಜೊತೆಗೆ ಅವಳ ತಂದೆ. ಅವಳು ಫಿಸಿಯೋಥೆರಪಿ ಮಾಡುವವಳು. ಮೊಣಕಾಲಿನ ಆಪರೇಷನ್ ಆದವರ ಮನೆಮನೆಗೆ ಹೋಗಿ ವ್ಯಾಯಾಮ ಮಾಡಿಸುತ್ತಾಳೆ. ಯಂತ್ರಗಳ ಚೀಲ ಹೊತ್ತು ಸ್ಕೂಟರಿನಲ್ಲಿ ಊರೆಲ್ಲ ಸುತ್ತಿ ಅವಳದೇ ಬೆನ್ನು ಹಿಡಿದುಕೊಂಡಿತ್ತು. ಅದಕ್ಕೇ ಕಾರು ಬೇಕಾಗಿತ್ತು. ಇದನ್ನೆಲ್ಲ ಅವಳು ನಾಚಿಕೊಂಡು ಹೇಳುತ್ತಿದ್ದಳು. ಬಸವರಾಜ ಬಾನೆಟ್ಟಿನ ಮೇಲೆ ಕೈಯಿಟ್ಟು ತೆಲುಗಿನಲ್ಲಿ, "ಎಂಜಿನ್ ಸೂಪರ್ ಅಮ್ಮಾ. ಒಕ್ಕ ಲೈಟ್ ಕೂಡಾ ರಾದು" ಎಂದ. ಒಂದು ದೀಪವೂ ಹೊತ್ತುವುದಿಲ್ಲವಂತೆ.

ಮುಚ್ಚಿಡುವುದು ಒಂದು, ಮುಚ್ಚಿಟ್ಟದ್ದನ್ನೇ ಗುಣವೆಂದು ಹೊಗಳುವುದು ಇನ್ನೊಂದು. ನನಗೆ ತಡೆಯಲಾಗಲಿಲ್ಲ. ಸ್ಕ್ಯಾನರ್ ಸಿಕ್ಕಿಸಿ ಮೊಬೈಲನ್ನು ಆ ಹುಡುಗಿಯ ಮುಂದೆ ಹಿಡಿದೆ. ಕೋಡ್ ಅಳಿಸಿದಾಗ ಕಾರು ತನ್ನ ಮೇಲೆ ತಾನೇ ನಡೆಸಿಕೊಂಡ ಪರೀಕ್ಷೆಗಳ ಫಲಿತಾಂಶವೂ ಅಳಿಸಿಹೋಗುತ್ತದೆ. ಮತ್ತೆ ಒಂದಷ್ಟು ಓಡುವ ತನಕ 'ಪರೀಕ್ಷೆ ಪೂರ್ಣವಾಗಿಲ್ಲ' ಎಂದು ತೋರಿಸುತ್ತಿರುತ್ತದೆ. ಆ ಸಾಲುಗಳನ್ನು ತೋರಿಸಿ, ಇದರ ದೀಪವನ್ನು ಇವತ್ತು ಬೆಳಿಗ್ಗೆಯೇ ಅಳಿಸಿದ್ದಾರೆ, ಅದು ಮತ್ತೆ ಬರುತ್ತದೆ, ಒಳಗೆ ಒಂದು ದೋಷವಿದೆ, ಏನೆಂದು ನನಗಿನ್ನೂ ಸಿಕ್ಕಿಲ್ಲ ಎಂದೆ.

ನಾನು ಕೃತಜ್ಞತೆಯನ್ನು ನಿರೀಕ್ಷಿಸಿದ್ದೆ ಎಂದು ಹೇಳಿಕೊಳ್ಳಲು ಸಂಕೋಚವಾಗುತ್ತದೆ. ಸಿರೀಷಳ ತಂದೆ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. ತಮ್ಮ ಗಾಡಿಯನ್ನು ತಾವೇ ಹೀಗೆ ಹಳಿಯಬೇಕಾದರೆ ಒಳಗೆ ಇನ್ನೂ ದೊಡ್ಡದೇನೋ ಇರಬೇಕು, ಅಥವಾ ಹೆಚ್ಚು ಕೊಡುವ ಗಿರಾಕಿ ಸಿಕ್ಕಿರಬೇಕು ಎಂದು ಮಗಳಿಗೆ ಹೇಳಿದರು. ಪಿಸುಗುಟ್ಟಲೂ ಇಲ್ಲ. ಸಿರೀಷ, "ಇಂಕಾ ಏಮೈನಾ ಉಂದಾ ಮೇಡಂ?" ಎಂದು ಕೇಳಿದಳು. ಇನ್ನೇನಾದರೂ ಇದೆಯೇ ಎಂದು. ಇಲ್ಲ ಎಂದೆ. ನಂಬದೆ ಹೋದರು.

ಗೇಟು ಮುಚ್ಚಿದ ಮೇಲೆ ಇವರು ಬಾಯಿ ತೆರೆದರು. "ಬಸವರಾಜನ ಮರ್ಯಾದಿ ಕಳದಿ, ಗಿರಿಜಾ."

"ಆ ಹುಡುಗಿ ನಟ್ಟ ನಡುವ ರಸ್ತೇದಾಗ ಗಾಡಿ ನಿಂತು ಕುಂತಿದ್ರ ಯಾರ ಮರ್ಯಾದಿ ಉಳೀತಿತ್ತರಿ?"

ಬಸವರಾಜ ಊಟಕ್ಕೆ ನಿಲ್ಲದೆ ಹೋದ. ಸುಳ್ಳು ಹೇಳಿದವನಿಗೆ ಅವಮಾನ, ನಿಜ ಹೇಳಿದವಳ ಮೇಲೆ ಅನುಮಾನ, ನಡುವೆ ದೋಷ ಮಾತ್ರ ಎಂಜಿನ್ನಿನಲ್ಲಿ ಹಾಯಾಗಿ ಕೂತಿತ್ತು. ನನ್ನ ಸಿಟ್ಟಿಗೆ ಈಗ ಅದೊಂದೇ ಉಳಿದಿದ್ದು.

ಅಂದೇ ಮಧ್ಯಾಹ್ನ ಸೆರಗು ಸಿಕ್ಕಿಸಿಕೊಂಡು ಬಾನೆಟ್ ಎತ್ತಿದೆ. ಹೆಚ್ಚಾದ ಗಾಳಿಯನ್ನು ಸರಿದೂಗಿಸಲು ಎಂಜಿನ್ ಎಷ್ಟು ಹೆಚ್ಚುವರಿ ಪೆಟ್ರೋಲ್ ಸುರಿದುಕೊಳ್ಳುತ್ತಿದೆ ಎಂಬುದನ್ನು ಆ ಸ್ಕ್ಯಾನರ್ ತೋರಿಸುತ್ತದೆ. ಕಾರು ನಿಂತಲ್ಲೇ ಎಂಜಿನ್ ಓಡುತ್ತಿರುವಾಗ ಆ ಅಂಕಿ ಬಹಳ ಮೇಲಿತ್ತು. ಆಕ್ಸಿಲರೇಟರ್ ಒತ್ತಿದರೆ ಸರಿಹೋಗುತ್ತಿತ್ತು. ಇದು ನನಗೆ ಗೊತ್ತಿರುವ ಲೆಕ್ಕ. ಎಲ್ಲೋ ಒಂದು ಸಣ್ಣ ತೂತಿನಿಂದ ಗಾಳಿ ನುಸುಳುತ್ತಿದೆ. ಎಂಜಿನ್ ನಿಧಾನವಾಗಿ ಓಡುವಾಗ ಒಳಗೆ ಹೋಗುವ ಗಾಳಿಯೇ ಕಡಿಮೆ, ಆಗ ಆ ಕಳ್ಳಗಾಳಿಯ ಪಾಲು ದೊಡ್ಡದು. ಜೋರಾದಾಗ ಗಾಳಿ ಧಾರಾಳ, ಪಾಲು ಚಿಕ್ಕದು.

ಗಿಡಗಳಿಗೆ ನೀರು ಬಿಡುವ ಪೈಪಿನ ಒಂದು ತುಂಡನ್ನು ಕಿವಿಗೆ ಹಿಡಿದು, ಇನ್ನೊಂದು ತುದಿಯನ್ನು ಫ್ಯಾನಿನಿಂದ ದೂರವಿಟ್ಟು, ಎಂಜಿನ್ನಿನ ಸಂದುಗೊಂದುಗಳಲ್ಲಿ ಆಡಿಸತೊಡಗಿದೆ. ಮೇಲಿನ ಮನೆಯವರು ಬಾಲ್ಕನಿಗೆ ಬಂದು ನಿಂತರು. ವಾಚ್‌ಮನ್ ಹತ್ತಿರ ಬಂದು, "ಕ್ಯಾ ಸುನ್ ರೈ ಅಮ್ಮಾ?" ಎಂದ, ನಾನೇನು ಕೇಳಿಸಿಕೊಳ್ಳುತ್ತಿದ್ದೇನೋ ಎಂಬ ಆತಂಕದಿಂದ. ಸುಮ್ಮನಿರು ಎಂದು ಕೈ ತೋರಿಸಿದೆ. ಹಿಂಬದಿಯಲ್ಲಿ, ಒಂದು ಕಪ್ಪು ರಬ್ಬರ್ ಕೊಳವೆ ಬಾಗುವ ಜಾಗದಲ್ಲಿ, ಹಾವು ಬುಸುಗುಟ್ಟಿದಂತೆ ಕೇಳಿಸಿತು. ಎಂಜಿನ್ ನಿಲ್ಲಿಸಿ, ತಣ್ಣಗಾದ ಮೇಲೆ ಬಿಚ್ಚಿ ಮಡಿಸಿ ನೋಡಿದರೆ, ಕೆಳಮೈಯಲ್ಲಿ ಸೀಳು. ಇಲ್ಲಿನ ಬಿಸಿಲಿಗೆ ರಬ್ಬರ್ ಬಿರಿದುಹೋಗಿತ್ತು.

ಅಂಗೈಯಲ್ಲಿ ಮುಚ್ಚಿಹೋಗುವಷ್ಟು ಸಣ್ಣ ಕೊಳವೆ. ಕೋಠಿಯ ಹತ್ತಿರದ ಬಿಡಿಭಾಗಗಳ ಅಂಗಡಿಯಲ್ಲಿ ಹೊಸದು ಸಿಕ್ಕಿತು. ಹಾಕಿ, ಕ್ಲಿಪ್ ಬಿಗಿದು, ಆಮೇಲೆ ನಾನೂ ಒಮ್ಮೆ 'ಅಳಿಸು' ಒತ್ತಿದೆ. ಈ ಸಲ ಅಳಿಸಲು ನನಗೆ ಹಕ್ಕಿತ್ತು. ಕೆಲವು ವಾರ ಓಡಾಡಿದೆ. ಪರೀಕ್ಷೆಗಳು ಒಂದೊಂದಾಗಿ ಪೂರ್ಣವಾದವು, ದೀಪ ಬರಲಿಲ್ಲ. ಬಿಸಿಲಿನಲ್ಲಿ ಪಾರ್ಕಿಂಗಿನಲ್ಲಿ ಒಬ್ಬಳೇ ನಿಂತು ಆ ಸಾಲುಗಳನ್ನು ಓದಿದಾಗ ಆದ ಸಂತೋಷವನ್ನು ಯಾರಿಗೆ ಹೇಳುವುದು? ವಾಚ್‌ಮನ್‌ಗೆ ಹೇಳಿದೆ. ಆತ ತಲೆದೂಗಿದ.

ಇವರಿಗೆ ಹೇಳಿದಾಗ, "ಹಂಗಾರ ಮಾರೂದು ಬ್ಯಾಡೇನು?" ಎಂದರು. ಬ್ಯಾಡ ಎಂದೆ. ಬಸವರಾಜ ಮುಂದಿನ ಕೂಟದಲ್ಲಿ, "ನಮ್ಮ ವೈನಿಗೆ ನಾನೇ ಹೇಳಿದ್ದೆ, ಸರ್ವಿಸ್ ಸೆಂಟರಿನವರ ಮಾತು ಕೇಳಬ್ಯಾಡ್ರಿ ಅಂತ" ಎಂದು ನಾಲ್ಕು ಜನರಿಗೆ ಹೇಳುತ್ತಿದ್ದ. ನನ್ನ ಕೈಯಲ್ಲಿ ಬಿಸಿ ಉಪ್ಪಿಟ್ಟಿನ ತಟ್ಟೆಯಿತ್ತು. ಅವನ ಅದೃಷ್ಟ, ನನಗೆ ಹಸಿವೂ ಇತ್ತು.

ಇದಾಗಿ ಸ್ವಲ್ಪ ದಿನಕ್ಕೆ ಸಿರೀಷಳ ಫೋನ್ ಬಂತು. ಭಾನುವಾರ ಇನ್ನೊಂದು ಕಾರು ನೋಡಲು ಹೋಗುತ್ತಿದ್ದಾಳಂತೆ. ಸ್ವಲ್ಪ ಹೊತ್ತು ತಡವರಿಸಿ, ನಿಮ್ಮ ಮಿಷನ್ ತೆಗೆದುಕೊಂಡು ಬರುತ್ತೀರಾ ಎಂದು ಕೇಳಿದಳು. ಅಂದು ನಂಬದೆ ಹೋದವಳು ಎಂದು ಮುನಿಸು ತೋರಿಸಬಹುದಾಗಿತ್ತು. ಆದರೆ ಅಪ್ಪನ ಎದುರು ಅವಳು ಪಟ್ಟ ಸಂಕೋಚ ನೆನಪಾಯಿತು; ಹೊರಟೆ.

ಆ ಕಾರು ಹೊಳೆಯುತ್ತಿತ್ತು. ಮಾರುವವರು ಇಸ್ತ್ರಿಯ ಬಿಳಿ ಅಂಗಿ ತೊಟ್ಟ ಗೃಹಸ್ಥರು. ನಾನು ಬಾಗಿಲು ತೆರೆದು ಸ್ಕ್ಯಾನರ್ ಸಿಕ್ಕಿಸಿದೆ. ಕೋಡ್ ಒಂದೂ ಇಲ್ಲ. ಪರೀಕ್ಷೆ ಒಂದೂ ಪೂರ್ಣವಾಗಿಲ್ಲ. ಇದನ್ನು ಈಗಷ್ಟೇ ಅಳಿಸಿದಂತಿದೆ, ಏನಿತ್ತು ಎಂದು ಕೇಳಿದೆ. ಅವರ ಮುಖ ಕೆಂಪಾಯಿತು. ಬ್ಯಾಟರಿ ಬದಲಿಸಿದರೂ ಹೀಗಾಗುತ್ತದೆ ಎಂದರು. ಆಗುವುದು ನಿಜ. ಹಾಗಾದರೆ ಒಂದು ವಾರ ಓಡಿಸಿ, ಮತ್ತೆ ಬಂದು ನೋಡುತ್ತೇವೆ ಎಂದೆ. ಅದಕ್ಕೆ ಅವರು ಸಿರೀಷಳ ಕಡೆ ತಿರುಗಿ, ಈ ಅಮ್ಮ ಯಾರು, ಕಂಡವರ ಗಾಡಿಯ ಮೇಲೆ ಯಾಕೆ ಗೂಬೆ ಕೂರಿಸುತ್ತಾರೆ ಎಂದು ಸಿಡುಕಿದರು.

ಸಿರೀಷ ತಲೆ ತಗ್ಗಿಸಿಕೊಂಡೇ, ಮೆಲ್ಲಗೆ ತೆಲುಗಿನಲ್ಲಿ ಹೇಳಿದಳು: "ತಮ್ಮ ಗಾಡಿಯನ್ನೇ ಬಿಡಲಿಲ್ಲ ಅಂಕಲ್ ಇವರು. ನಿಮ್ಮದನ್ನು ಬಿಡ್ತಾರಾ?"

ಆ ಕಾರು ಬೇಡವಾಯಿತು. ಜೊತೆಗೆ ಬಂದಿದ್ದ ಅವಳ ತಂದೆ ದಾರಿಯಲ್ಲಿ ನನಗೆ ಇರಾನಿ ಚಹಾ ಕುಡಿಸಿದರು. ಹಳೆಯ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಮುಂದಿನ ಭಾನುವಾರ ಉಪ್ಪಲ್ ಕಡೆ ಮತ್ತೊಂದು ಕಾರಿದೆಯಂತೆ. ಬರುತ್ತೇನೆ ಎಂದು ಹೇಳಿ ಮನೆಗೆ ಬಂದೆ.

ಇವರು ಎಲ್ಲ ಕೇಳಿಸಿಕೊಂಡು, "ಇನ್ನ ಎಷ್ಟ ಮಂದಿ ಜೋಡಿ ಜಗಳಾ ಮಾಡಾಕಿ?" ಎಂದರು.

"ಆ ಹುಡುಗಿಗೆ ಗಾಡಿ ಸಿಗೂತನಕ" ಎಂದೆ.

ಇವರು ಪೇಪರ್ ಮಡಿಸಿಟ್ಟು, ಉಪ್ಪಲ್ಲಿಗೆ ತಾವೂ ಬರಬಹುದೇ ಎಂದು ಕೇಳಿದರು.