ಪುಟ್ಟಲಕ್ಷ್ಮಮ್ಮ ಮಡಿಯಲ್ಲಿ ತಂದ ನೀರು

ರಾಜಾಜಿನಗರದ ಆ ವಠಾರದಲ್ಲಿ ಎಂಟು ಮನೆಗೆ ಒಂದೇ ನಲ್ಲಿ, ಒಂದೇ ಕಕ್ಕಸು. ಪುಟ್ಟಲಕ್ಷ್ಮಮ್ಮನಿಗೆ ಎರಡನ್ನು ಕಂಡರೂ ಹೇಸಿಗೆ. ನಲ್ಲಿಯ ಮೂತಿಯನ್ನು ಬೂದಿ, ಹುಣಿಸೆಹಣ್ಣು ಹಾಕಿ ಮೂರು ಸಲ ಉಜ್ಜಿ, ಮೊದಲ ಎರಡು ಚೊಂಬು ನೀರು ಚೆಲ್ಲಿ, ಆಮೇಲೇ ತನ್ನ ಹಿತ್ತಾಳೆ ಕೊಡ ಇಡುವಳು. ಹಿಂದೆ ನಿಂತವರು ಗೊಣಗುತ್ತಿದ್ದರು. ಗೊಣಗಲಿ. ಒಬ್ಬರು ಹಲ್ಲುಜ್ಜಿ ಉಗಿದ ಕಲ್ಲಿನ ಮೇಲೆ, ಇನ್ನೊಬ್ಬರು ಮಗುವಿನ ಬಟ್ಟೆ ಜಾಲಿಸಿದ ಜಾಗದಲ್ಲಿ ಕುಡಿಯುವ ನೀರು ಹಿಡಿಯುವ ಕರ್ಮ ತನಗೆ ಬಂದಿತಲ್ಲ ಎಂದು ಆಕೆ ದಿನಾ ಬೆಳಿಗ್ಗೆ ಹಣೆಬರಹ ಹಳಿಯುವಳು. ಗಂಡ ಹೋದ ಹತ್ತೊಂಬತ್ತು ವರ್ಷದಿಂದ ಮದುವೆಮನೆ, ಶ್ರಾದ್ಧದ ಮನೆಗಳಲ್ಲಿ ಅಡುಗೆ ಮಾಡಿ ಬದುಕಿದವಳು. ಅವಳ ಕೈಯಡುಗೆ ಎಂದರೆ ಕಣ್ಣು ಮುಚ್ಚಿಕೊಂಡು ಉಣ್ಣಬಹುದು ಎಂಬ ಹೆಸರಿತ್ತು.

ಆ ಹೆಸರನ್ನು ಕೇಳಿಯೇ ಎಪ್ಪತ್ನಾಲ್ಕರ ದಸರಾ ರಜೆಯಲ್ಲಿ ಹೆಣ್ಣುಮಕ್ಕಳ ಹೈಸ್ಕೂಲಿನ ಹೆಡ್‌ಮಿಸ್ಟ್ರೆಸ್ಸು ಹೇಳಿಕಳಿಸಿದರು. ಇಪ್ಪತ್ತೆರಡು ಗೈಡ್ಸ್ ಹುಡುಗಿಯರು ಕೆಂಗೇರಿಯ ಆಚೆ ಒಂದು ಮಾವಿನ ತೋಪಿನಲ್ಲಿ ಆರು ದಿನ ಕ್ಯಾಂಪು ಮಾಡುತ್ತಾರೆ, ಅಡುಗೆಗೆ ನೀವು ಬರುವುದಾದರೆ ಮಾತ್ರ ಕಳಿಸುತ್ತೇವೆ ಎಂದು ಎಷ್ಟೋ ಮನೆಯವರು ಪಟ್ಟು ಹಿಡಿದಿದ್ದಾರೆ ಎಂದರು. ಮಕ್ಕಳನ್ನು ಹೋದ ಹಾಗೇ ವಾಪಸು ಕರೆತಂದರೆ, ಹೊಸದಾಗಿ ತೆರೆಯುವ ಹಾಸ್ಟೆಲ್ಲಿನ ಅಡುಗೆಮನೆ ಆಕೆಗೇ ಎಂದೂ ಹೇಳಿದರು. ಅಡುಗೆಮನೆಯ ಪಕ್ಕದಲ್ಲಿ ಒಂದು ಕೋಣೆ. ಕೋಣೆಯ ಹಿಂದೆ ಒಂದು ನಲ್ಲಿ, ಬೇರೆ ಯಾರೂ ಮುಟ್ಟದ ನಲ್ಲಿ. ಆ ಮಾತು ಕೇಳಿದ ಮೇಲೆ ಪುಟ್ಟಲಕ್ಷ್ಮಮ್ಮನಿಗೆ ಬೇರೆ ಯೋಚನೆಯೇ ಇರಲಿಲ್ಲ.

ಸೋಮವಾರ ಲಾರಿಯಲ್ಲಿ ಹೋಗಿ ಇಳಿದರು. ತೋಪು ಮುನಿಯಪ್ಪ ಎಂಬ ರೈತನದು. ಕೆಳಗೆ ಕೆರೆ, ಪಕ್ಕದಲ್ಲಿ ಚರ್ಮದ ಚೀಲದಿಂದ ಎತ್ತುಗಳು ನೀರೆಳೆಯುವ ಕಪಿಲೆ ಬಾವಿ. ಮುನಿಯಪ್ಪನ ಹೆಂಡತಿ ಲಕ್ಷ್ಮಿದೇವಮ್ಮ ಬಾವಿಯ ನೀರನ್ನು ಒಂದು ಬಿಂದಿಗೆ ತುಂಬಿ ಹೊತ್ತು ತಂದಳು. ಚರ್ಮ ಅದ್ದಿದ ನೀರು ನಮಗೆ ಆಗದು, ನಾನೇ ಮಡಿಯುಟ್ಟು ಕೆರೆಯಿಂದ ತರುತ್ತೇನೆ ಎಂದು ಪುಟ್ಟಲಕ್ಷ್ಮಮ್ಮ ದೂರದಿಂದಲೇ ಕೈಯಾಡಿಸಿದಳು.

"ಅಮ್ಮೋರೆ, ಆ ಕೆರೆ ನೀರ ಕುಡಿಯಾಕೆ ನಾವೇ ತರಾಕಿಲ್ಲ" ಎಂದಳು ಲಕ್ಷ್ಮಿದೇವಮ್ಮ. "ಅದರಾಗೆ ದಿನಾ ಎಮ್ಮೆ ಇಳೀತವೆ. ಅವೇನು ಚರ್ಮ ಬಿಚ್ಚಿ ದಡದ ಮ್ಯಾಲಿಟ್ಟು ಇಳೀತವಾ?"

ಹುಡುಗಿಯರು ಕಿಸಕ್ಕೆಂದು ನಕ್ಕರು. ಪುಟ್ಟಲಕ್ಷ್ಮಮ್ಮ ನಗಲಿಲ್ಲ. ಎಮ್ಮೆ ಇಳಿಯುವ ಕಡೆ ಬಿಟ್ಟು, ಜೊಂಡಿನ ಪಕ್ಕ ತಿಳಿಯಾಗಿದ್ದ ಕಡೆ ಒಂದು ಚಪ್ಪಡಿ ಕಲ್ಲು ನೋಡಿಟ್ಟುಕೊಂಡಳು. ಬೆಳಕು ಹರಿಯುವ ಮುಂಚೆ ಅಲ್ಲಿ ಮುಳುಗಿ, ಒದ್ದೆ ಸೀರೆಯಲ್ಲೇ ಕೊಡ ತುಂಬಿ, ನಾಲ್ಕು ಮಡಿಕೆ ಮಡಿಬಟ್ಟೆಯಲ್ಲಿ ಸೋಸಿ ತಂದಿಡುವಳು. ಹುಡುಗಿಯರು ಕುಡಿಯುತ್ತಿದ್ದುದು ಆ ನೀರು. ಆಕೆ ಮಾತ್ರ ದಿನಕ್ಕೆ ಎರಡು ಲೋಟ ಕಾಫಿಯಲ್ಲೇ ಕಾಲ ಹಾಕುವವಳು, ಹಸಿ ನೀರು ಗಂಟಲಿಗಿಳಿಯುವುದು ಅಪರೂಪ.

ಇಷ್ಟು ಮಾಡಿದರೂ ಆ ಕ್ಯಾಂಪು ಆಕೆಯ ಕಣ್ಣಿಗೆ ನರಕವಾಗಿತ್ತು. ಡೇರೆಯೊಳಗೆ ಬೆವರಿನ ಮುಗ್ಗಲು ವಾಸನೆ. ಅಕ್ಕಿ ತೊಳೆಯುವ ಜಾಗದಲ್ಲೇ ಬಾಯಿ ಮುಕ್ಕಳಿಸಿ ಉಗಿದ ಹಲ್ಲುಪುಡಿಯ ನೊರೆ. ತಲೆ ಬಾಚಿ ಗಾಳಿಗೆ ಬಿಟ್ಟ ಕೂದಲು ತೇಲಿಕೊಂಡು ಬಂದು ಹುಳಿಯ ಪಾತ್ರೆಗೆ ಬೀಳುತ್ತಿತ್ತು. ಒಬ್ಬಳು ಕಾಲು ತೊಳೆದ ಚೊಂಬನ್ನೇ ಇನ್ನೊಬ್ಬಳು ಎತ್ತಿ ಬಾಯಿಗೆ ಕಚ್ಚಿ ಕುಡಿಯುವಳು. ಎಲ್ಲಕ್ಕಿಂತ ಅಸಹ್ಯವೆಂದರೆ ಕ್ಯಾಂಪಿನ ಟೀಚರು ಪಂಕಜಾ ಮಿಸ್ಸು ಕಕ್ಕಸಿಗೆಂದು ತೋಡಿಸಿದ ಗುಂಡಿ. ಸುತ್ತ ಗೋಣಿತಟ್ಟು ಕಟ್ಟಿತ್ತು. ಹೋಗಿ ಬಂದವರು ಒಂದು ಹಿಡಿ ಮಣ್ಣು ಎಳೆಯಬೇಕು ಎಂದು ಮಿಸ್ಸು ಹೇಳಿದ್ದರೂ ಯಾರೂ ಎಳೆಯಲಿಲ್ಲ. ಗಾಳಿ ತಿರುಗಿದರೆ ಒಲೆಯ ಮುಂದೆ ಕೂರಲಾಗುತ್ತಿರಲಿಲ್ಲ. ಅಲ್ಲಿಂದೆದ್ದ ನೊಣ ಸೀದಾ ಅನ್ನದ ಮೇಲೆ.

ಮೊದಲನೆಯ ದಿನವೇ ಪುಟ್ಟಲಕ್ಷ್ಮಮ್ಮ ಕಟ್ಟಪ್ಪಣೆ ಮಾಡಿದಳು. ಗುಂಡಿಗೆ ಹೋಗಿಬಂದವರು ತಲೆಗೆ ಸ್ನಾನ ಮಾಡಿ, ಉಟ್ಟ ಬಟ್ಟೆ ಒಗೆದು ಹಾಕದೆ ಒಲೆಯ ಹತ್ತು ಮಾರು ಒಳಗೆ ಬರಕೂಡದು. ಯಾರು ಹೋದರು, ಯಾರು ಬಂದರು ಎಂದು ಒಲೆಯ ಮುಂದೆ ಕೂತೇ ಲೆಕ್ಕವಿಡುತ್ತಿದ್ದಳು. ಮಂಗಳವಾರ ಗುಂಡಿಯ ಕಡೆ ಹೋಗುವವರೇ ಕಾಣಲಿಲ್ಲ. ತನ್ನ ಮಾತಿಗೆ ಹೆದರಿ ಹುಡುಗಿಯರಿಗೆ ಶಿಸ್ತು ಬಂತು ಎಂದುಕೊಂಡಳು. ಹೆಣ್ಣುಮಕ್ಕಳು ಎರಡೇ ಜೊತೆ ಯೂನಿಫಾರಂ ತಂದಿದ್ದರು ಎಂಬುದು ಆಕೆಗೆ ಹೊಳೆಯಲಿಲ್ಲ.

ಆ ರಾತ್ರಿ ಸಣ್ಣ ಮಳೆ ಬಿತ್ತು. ಬುಧವಾರ ಸಂಜೆಯಿಂದ ಹೊಟ್ಟೆ ನುಲಿತ ಶುರುವಾಯಿತು. ಗುರುವಾರ ಬೆಳಿಗ್ಗೆ ಹೊತ್ತಿಗೆ ಒಂಬತ್ತು ಜನ ಮಲಗಿದ್ದರು. ಡೇರೆಯ ಮುಂದೆ ವಾಂತಿ, ಅದರ ಮೇಲೆ ಮುಸುರುವ ನೊಣ. ಬೂದಿ ಹಾಕಿ ಬಳಿದು ಬಳಿದು ಪುಟ್ಟಲಕ್ಷ್ಮಮ್ಮನಿಗೇ ಓಕರಿಕೆ ಬರುತ್ತಿತ್ತು. ಕೈ ಎಷ್ಟು ತೊಳೆದರೂ ಹುಳಿವಾಸನೆ ಹೋಗಲೊಲ್ಲದು.

ಪಂಕಜಾ ಮಿಸ್ಸು ಕೆಂಗೇರಿಗೆ ಡಾಕ್ಟರನ್ನು ಕರೆಯಲು ಜನ ಕಳಿಸಿ, ಒಲೆಯ ಹತ್ತಿರ ಬಂದು ಕೂತರು. ಮೊನ್ನೆ ಹುಡುಗಿಯರು ಲಕ್ಷ್ಮಿದೇವಮ್ಮನ ಮನೆಗೆ ಹೋಗಿ ಮಜ್ಜಿಗೆ ಕುಡಿದು ಬಂದಿದ್ದರಂತೆ. ಆ ಹೆಂಗಸು ಎಂಥ ಮಡಕೆಯಲ್ಲಿ ಇಟ್ಟಿದ್ದಳೋ, ಹೆಡ್‌ಮಿಸ್ಟ್ರೆಸ್ಸರಿಗೆ ಹಾಗೇ ಬರೆಯುತ್ತೇನೆ ಎಂದರು.

"ನಿಮ್ಮ ಶುಚಿ ನಾನು ಕಣ್ಣಾರೆ ನೋಡಿದೀನಿ ಪುಟ್ಟಲಕ್ಷ್ಮಮ್ಮ. ನಿಮ್ಮ ಮೇಲೆ ಮಾತು ಬರೋಕೆ ಬಿಡಲ್ಲ."

ಪುಟ್ಟಲಕ್ಷ್ಮಮ್ಮ ತಲೆಯಾಡಿಸಿದಳು. ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಹಾಸ್ಟೆಲ್ಲಿನ ನಲ್ಲಿ ಕಣ್ಣ ಮುಂದೆ ಬಂತು.

ಅಷ್ಟರಲ್ಲಿ ಅನಂತಲಕ್ಷ್ಮಿ ಎಂಬ ಹುಡುಗಿ ಹೊಟ್ಟೆ ಹಿಡಿದುಕೊಂಡು ಡೇರೆಯಿಂದ ಈಚೆ ಬಂದಳು. ಎಲ್ಲರಿಗಿಂತ ಜೋರಾಗಿ ಕಾಯಿಲೆ ಬಿದ್ದವಳು ಅವಳೇ. ಪುಟ್ಟಲಕ್ಷ್ಮಮ್ಮ ಚೊಂಬು ತೆಗೆದುಕೊಂಡು, ಮಡಿ ಮರೆತು, ಅವಳ ತೋಳು ಹಿಡಿದಳು. ಹುಡುಗಿ ಗುಂಡಿಯ ಕಡೆ ತಿರುಗಲಿಲ್ಲ, ಕೆರೆಯ ದಡದ ಮೇಲಿನ ಲಂಟಾನ ಪೊದೆಯ ಕಡೆ ಎಳೆದಳು.

"ಇತ್ತ ಯಾಕೇ?"

"ಎಲ್ಲರೂ ಇಲ್ಲಿಗೇ ಬರೋದು ಅಜ್ಜಿ. ಗುಂಡಿಗೆ ಹೋದ್ರೆ ನಿಮಗೆ ಕಾಣ್ಸತ್ತಲ್ಲ. ಸ್ನಾನ ಮಾಡು, ಬಟ್ಟೆ ಒಗಿ ಅಂತೀರಿ. ಒಣಗಿರೋ ಬಟ್ಟೆನೇ ಇಲ್ಲ."

ಪೊದೆಯ ಹಿಂದೆ ಒಂದು ಕೊರಕಲು. ಅದರ ತುಂಬ ಇಪ್ಪತ್ತೆರಡು ಜನರ ಮೂರು ದಿನದ ಹೊಲಸು. ನೀಲಿ ನೊಣಗಳು ಎದ್ದು ಮುಖಕ್ಕೆ ಬಡಿದವು. ಮಳೆ ನೀರು ಅದನ್ನೆಲ್ಲ ಕಲಸಿಕೊಂಡು, ಹಳದಿ ಗೆರೆಯಾಗಿ ಕೆಳಗಿಳಿದು ಜೊಂಡಿನೊಳಗೆ ಸೇರಿತ್ತು. ಜೊಂಡಿನ ಆಚೆ ಪುಟ್ಟಲಕ್ಷ್ಮಮ್ಮನ ಚಪ್ಪಡಿ ಕಲ್ಲು. ಆಕೆ ಇಳಿದು ಹೆಜ್ಜೆ ಹಾಕಿ ಅಳೆದಳು. ನಲವತ್ತು ಹೆಜ್ಜೆ. ಅಲ್ಲಿ ಮುಳುಗಿ ಎದ್ದಿದ್ದಳು. ಆ ನೀರು ತಲೆಗೆ, ಬಾಯಿಗೆ, ಮಡಿಬಟ್ಟೆಗೆ ಆಗಿತ್ತು. ಅಲ್ಲೇ ಕೂತು ಬರಿಯ ಪಿತ್ತ ಕಾರಿಕೊಂಡಳು.

ಸುಧಾರಿಸಿಕೊಂಡು ಮೇಲೆ ಬಂದು, ಹುಡುಗಿಯನ್ನು ತೊಳೆದು, ಕೇಳಿದಳು. "ನೀನೂ ಮಜ್ಜಿಗೆ ಕುಡಿದ್ಯೇನೇ?"

"ನಂಗೆ ಮಜ್ಜಿಗೆ ವಾಸನೆ ಬಂದ್ರೇ ಆಗಲ್ಲ ಅಜ್ಜಿ. ನಿಮ್ಮ ಕೊಡದ ನೀರೇ ಕುಡಿದಿದ್ದು."

ಒಲೆಯ ಹತ್ತಿರ ಪಂಕಜಾ ಮಿಸ್ಸು ಕಾಗದ ಬರೆಯುತ್ತಿದ್ದರು. ಪುಟ್ಟಲಕ್ಷ್ಮಮ್ಮ ಅವರ ಮುಂದೆ ಬಂದು ನಿಂತಳು. ಏನೂ ಹೇಳದಿದ್ದರೆ ಸಾಕಾಗಿತ್ತು, ಹಾಸ್ಟೆಲ್ಲಿನ ಕೋಣೆ ಆಕೆಯದಾಗುತ್ತಿತ್ತು.

"ಮಜ್ಜಿಗೆ ಅಲ್ಲ ಮಿಸ್ಸು" ಎಂದಳು. "ನಾನು ತಂದ ನೀರು. ಮಕ್ಕಳ ಹೇಲು ತೊಳೆದ ನೀರನ್ನ ಮಡಿಬಟ್ಟೇಲಿ ಸೋಸಿ ಅವಕ್ಕೇ ಕುಡಿಸಿದೀನಿ. ಹಾಗೇ ಬರೀರಿ."

ಆಮೇಲೆ ಕೊಡದಲ್ಲಿದ್ದುದನ್ನು ಗುಂಡಿಗೆ ಸುರಿದು, ಗುದ್ದಲಿ ಹಿಡಿದು ತಾನೇ ಗುಂಡಿಗೂ ಕೊರಕಲಿಗೂ ಮಣ್ಣೆಳೆದಳು. ಅದಾದ ಮೇಲೆ ಲಕ್ಷ್ಮಿದೇವಮ್ಮನ ಬಾಗಿಲಿಗೆ ಹೋಗಿ ಬಾವಿಯ ನೀರು ಕೊಡು ತಾಯಿ ಎಂದು ಕೇಳಿದಳು.

"ಚರ್ಮದ್ದು ಅಮ್ಮೋರೆ."

"ಗೊತ್ತು. ಕೊಡು."

ಕೊಪ್ಪರಿಗೆಯಲ್ಲಿ ತಳದಿಂದ ಗುಳ್ಳೆ ಏಳುವ ತನಕ ಆ ನೀರು ಕಾಯಿಸಿ, ಆರಿಸಿ, ಎಲ್ಲರ ಮುಂದೆ ಮೊದಲ ಲೋಟ ತಾನು ಕುಡಿದಳು. ಮೈ ಜುಮ್ಮೆಂದಿತು, ಕುಡಿದಳು. ಡಾಕ್ಟರು ಬಂದು ಮಾತ್ರೆ ಕೊಟ್ಟರು. ಗಂಜಿತಿಳಿಗೆ ಉಪ್ಪು ಹಾಕಿ ಒಂಬತ್ತು ಜನಕ್ಕೂ ಗುಟುಕು ಗುಟುಕಾಗಿ ಕುಡಿಸಿದಳು. ಬಟ್ಟೆ ಒಗೆಯುವ ಅಪ್ಪಣೆ ರದ್ದಾಯಿತು. ಗುಂಡಿಗೆ ಹೋಗಿ, ಮಣ್ಣೆಳೆದು, ಸೋಪಿನಲ್ಲಿ ಕೈ ತೊಳೆದು ಬಂದರೆ ಸಾಕು ಎಂದಳು. ಶನಿವಾರ ಇಪ್ಪತ್ತೆರಡು ಜನವೂ ಲಾರಿ ಹತ್ತಿದರು, ಕೆಲವರನ್ನು ಎತ್ತಿ ಕೂರಿಸಬೇಕಾಯಿತು.

ಹೆಡ್‌ಮಿಸ್ಟ್ರೆಸ್ಸು ಬೈಯಲಿಲ್ಲ. ಹಾಸ್ಟೆಲ್ಲಿಗೆ ಬಸವೇಶ್ವರನಗರದ ಬೇರೊಬ್ಬ ಹೆಂಗಸನ್ನು ನೇಮಿಸಿಕೊಂಡರು.

ಪುಟ್ಟಲಕ್ಷ್ಮಮ್ಮ ವಠಾರದ ಸಾಲಿನಲ್ಲೇ ಉಳಿದಳು. ನಲ್ಲಿಯ ಮೂತಿಯನ್ನು ಈಗ ಒಂದೇ ಸಲ ಉಜ್ಜುವಳು, ನೀರನ್ನು ಮಾತ್ರ ಕುದಿಸದೆ ಕುಡಿಯಳು. ಹಿತ್ತಾಳೆ ಕೊಡವನ್ನು ಅಟ್ಟದ ಮೇಲೆ ಮಗುಚಿಟ್ಟಿದ್ದಾಳೆ. ಥಳಥಳ ಹೊಳೆಯುತ್ತದೆ. ಯಾರಾದರೂ ಮದುವೆಮನೆಗೆ ಬೇಕೆಂದು ಕೇಳಿದರೆ ತಾನೇ ಇಳಿಸಿಕೊಡುವಳು, ಸೆರಗಿನಿಂದ ಮೂಗು ಮುಚ್ಚಿಕೊಂಡು.