ಕುಂಕುಮ ತಿಂದ ಸ್ಕ್ಯಾನರ್

ನನಗೆ ಹೇಸಿಗೆ ಬೇಗ ಬರುತ್ತದೆ. ಹೋಟೆಲಿನ ಲೋಟದ ಅಂಚಿನಲ್ಲಿ ಒಣಗಿದ ಹಾಲಿನ ಕಲೆ, ಬಸ್ಸಿನ ಸೀಟಿಗೆ ಅಂಟಿದ ಯಾರದೋ ತಲೆಯೆಣ್ಣೆ, ನೆಂಟರ ಮನೆಯ ಒದ್ದೆ ಟವೆಲು. ಇಷ್ಟು ಸಾಕು, ಆ ದಿನದ ಊಟ ನನಗೆ ಸೇರುವುದಿಲ್ಲ. ನನ್ನನ್ನು ಸಾಕಿ ಬೆಳೆಸಿದ ಅತ್ತೆ, ಎಂದರೆ ಅಪ್ಪನ ಅಕ್ಕ, ಇದಕ್ಕೆ ಬೈದು ಬೈದು ದಣಿದಿದ್ದಾರೆ. "ಮುಖ ಸರಿ ಮಾಡು ಮಾರಾಯ್ತಿ. ನಮ್ಮ ಕುಟುಂಬದಲ್ಲಿ ಯಾರಿಗೂ ಇಂಥ ಮುಖ ಇಲ್ಲ. ಎಲ್ಲಿಂದ ತಂದದ್ದು ಇದನ್ನು?" ಎಂದು ಈಗಲೂ, ನನ್ನ ತಲೆ ನರೆಯುತ್ತಿರುವಾಗಲೂ, ಕೇಳುತ್ತಾರೆ. ನನಗೆ ಗೊತ್ತಿದ್ದರಲ್ಲವೇ ಹೇಳುವುದು.

ಇಂಥ ನಾನು ಇನ್ನೊಬ್ಬರು ಬಳಸಿ ಬಿಟ್ಟ ಫಿಲ್ಮ್ ಸ್ಕ್ಯಾನರ್ ಒಂದನ್ನು ಮನೆಗೆ ಹೊತ್ತು ತಂದದ್ದು ಅಮ್ಮನಿಗಾಗಿ. ಅಮ್ಮ ಹೋದಾಗ ನಾನು ತೊಟ್ಟಿಲು ಬಿಟ್ಟಿದ್ದೆ ಅಷ್ಟೆ. ಮುಖ ನೆನಪಿಲ್ಲ. ಜೆಪ್ಪುವಿನ ನಮ್ಮ ಮನೆಯ ಚಾವಡಿಯಲ್ಲಿ, ಕೆಂಪು ಬಲ್ಬಿನ ಕೆಳಗೆ ತೂಗುವ ಅಮ್ಮನ ಫೋಟೋ, ಸ್ಟುಡಿಯೋದವರು ಬ್ರಶ್ಶಿನಿಂದ ತಿದ್ದಿ ಕೊಟ್ಟದ್ದು. ತುಟಿಗೆ ಬಣ್ಣ ಉಂಟು, ಕೆನ್ನೆಗೆ ಬಣ್ಣ ಉಂಟು, ಒಳಗೆ ಮನುಷ್ಯರು ಯಾರೂ ಇಲ್ಲ. ಉಳಿದ ಫೋಟೋಗಳನ್ನು ಆಲ್ಬಮ್ ಸಮೇತ ಗೆದ್ದಲು ತಿಂದು ಮುಗಿಸಿತ್ತು. ಅತ್ತೆಯನ್ನು ಕೇಳಿ ಪ್ರಯೋಜನವಿಲ್ಲ. ಅವರು ಆಗ ಮುಂಬಯಿಯಲ್ಲಿದ್ದವರು, ಅಮ್ಮನನ್ನು ಕಂಡದ್ದು ಮದುವೆಯ ದಿನ ಮಾತ್ರ, ಅದೂ ತಲೆ ಬಗ್ಗಿಸಿ ಕುಳಿತ ಮದುಮಗಳನ್ನು. ಅಪ್ಪನ ಹತ್ತಿರ ಆ ಮಾತು ಎತ್ತಿದರೆ ಅವರು ಎದ್ದು ಅಂಗಳಕ್ಕೆ ಹೋಗುತ್ತಿದ್ದರು.

ಅಪ್ಪ ತೀರಿಕೊಂಡ ಮೇಲೆ, ಅವರು ಗಲ್ಫಿನಿಂದ ತಂದಿದ್ದ ಸೂಟ್‌ಕೇಸಿನಲ್ಲಿ, ನುಸಿಗುಳಿಗೆಗಳ ನಡುವೆ, ಒಂದು ರೋಲಿನ ನೆಗೆಟಿವ್‌ಗಳು ಸಿಕ್ಕಿದವು. ಬೆಳಕಿಗೆ ಹಿಡಿದರೆ ಬಿಳಿ ಕೂದಲು, ಕಪ್ಪು ಹಲ್ಲು. ಅಮ್ಮನೋ ಪ್ರೇತವೋ ಹೇಳುವಂತಿಲ್ಲ. ಮೊಬೈಲಿನಲ್ಲಿ ತೆಗೆದು ತಿರುಗಿಸಿ ನೋಡಿದೆ, ಮುಖವಿರಬೇಕಾದಲ್ಲಿ ಗಂಜಿಯ ತಿಳಿ. ಸ್ಕ್ಯಾನ್ ಮಾಡಿಸಲು ಬೆಂಗಳೂರಿಗೆ ಕಳಿಸುವ ಧೈರ್ಯವಾಗಲಿಲ್ಲ. ದಾರಿಯಲ್ಲಿ ಕಳೆದರೆ ಅಮ್ಮ ಎರಡನೆಯ ಸಲ ಹೋದಂತೆ.

ಕುಲಶೇಖರದಲ್ಲಿ ಸ್ಟುಡಿಯೋ ಮುಚ್ಚಿದ ಒಬ್ಬ ಮನುಷ್ಯ ನೆಗೆಟಿವ್‌ಗಳನ್ನು ಕಂಪ್ಯೂಟರಿಗೆ ಇಳಿಸುವ ತನ್ನ ಸ್ಕ್ಯಾನರ್ ಮಾರುತ್ತಾನೆಂದು ತಿಳಿದು ಹೋದೆ. "ಒಂದೇ ಕೈಯಲ್ಲಿ ಇದ್ದದ್ದು ಮೇಡಂ. ಮಗುವಿನ ಹಾಗೆ ನೋಡಿಕೊಂಡಿದ್ದೇನೆ" ಎಂದ. ಮನೆಗೆ ತಂದು ಸ್ವಿಚ್ಚು ಹಾಕಿದೆ. ಬಿಸಿಯಾದ ಕೂಡಲೇ ಅದರಿಂದ ಹಳೇ ಊದುಬತ್ತಿ ಮತ್ತು ಸತ್ತ ಜಿರಳೆಯ ವಾಸನೆ ಒಟ್ಟಿಗೆ ಎದ್ದಿತು. ಮಗುವಂತೆ! ಮೀಯಿಸದೆ ಬಿಟ್ಟ ಮಗು.

ಮೊದಲ ಚಿತ್ರ ಪರದೆಗೆ ಬಂತು. ಬಾವಿಕಟ್ಟೆ, ಬಸಳೆಯ ಚಪ್ಪರ, ನಡುವೆ ಸೀರೆ ಉಟ್ಟ ಹೆಂಗಸು. ಆದರೆ ತಲೆಯಿಂದ ಕಾಲಿನವರೆಗೆ ಒಂದು ಬಿಳಿ ಪಟ್ಟಿ, ಸರಿಯಾಗಿ ಮೂಗಿನ ಮೇಲೆ. ಸುತ್ತಲೂ ಮಂಜು ಕವಿದ ಹಾಗೆ. ಎರಡನೆಯದರಲ್ಲೂ ಅದೇ, ಮೂರನೆಯದರಲ್ಲೂ ಅದೇ. ಕೇಬಲ್ ಬದಲಿಸಿದೆ, ಸಾಫ್ಟ್‌ವೇರ್ ಅಳಿಸಿ ಮತ್ತೆ ಹಾಕಿದೆ. ಫಿಲ್ಮನ್ನೇ ಮಗುಚಿ ಹಾಕಿದೆ. ಬಾವಿ ಎಡದಿಂದ ಬಲಕ್ಕೆ ಹೋಯಿತು, ಪಟ್ಟಿ ಮಾತ್ರ ನಟ್ಟನಡುವೆ ಇದ್ದಲ್ಲೇ ಇತ್ತು. ಅಲ್ಲಿಗೆ ತಪ್ಪು ನೆಗೆಟಿವ್‌ನದ್ದಲ್ಲ, ಮಿಷನಿನದ್ದೆಂದು ಖಾತ್ರಿಯಾಯಿತು. ಅಪ್ಪನಿಗಾದರೋ ಯಾರನ್ನೂ ಚಿತ್ರದ ನಟ್ಟನಡುವೆ ನಿಲ್ಲಿಸದೆ ಫೋಟೋ ತೆಗೆದು ಗೊತ್ತಿರಲಿಲ್ಲ. ಹಾಗಾಗಿ ಪ್ರತಿಯೊಂದರಲ್ಲೂ ಅಮ್ಮ ಆ ಪಟ್ಟಿಯ ಹಿಂದೆಯೇ.

ಸ್ಕ್ರೂ ಬಿಚ್ಚಿ ಮುಚ್ಚಳ ತೆಗೆದೆ. ಇಸ್ಸಿ! ಮೂಲೆಯಲ್ಲಿ ಜಿರಳೆ ಮೊಟ್ಟೆಗಳು ಸಾಲಾಗಿ ಅಂಟಿದ್ದವು. ಮೋಟರಿನ ಮೇಲೆ ಹಲ್ಲಿಯ ಹಿಕ್ಕೆ. ಫಿಲ್ಮ್ ತೂರಿಸುವ ಸೀಳಿನ ಒಳಗೆ ಒಣಗಿದ ಸೇವಂತಿಗೆ ಎಸಳು, ಕಪ್ಪಾದ ಅಕ್ಷತೆ ಕಾಳು, ಗಂಧದ ಹಕ್ಕಳೆ, ಎಲ್ಲದರ ಮೇಲೆ ಕುಂಕುಮ. ಹೆಬ್ಬೆರಳಗಲದ ಕನ್ನಡಿಯೊಂದಕ್ಕೆ ಊದುಬತ್ತಿಯ ಹೊಗೆ ಹಳದಿ ಜಿಡ್ಡಾಗಿ ಕಟ್ಟಿತ್ತು. ಅದೇ ಆ ಮಂಜು. ಅದರಾಚೆ ಬೆಳಕನ್ನು ಓದುವ ಗಾಜಿನ ಮೇಲೆ ಕುಂಕುಮದ ಒಂದು ಕಣ ಗಂಧದೊಂದಿಗೆ ಕಚ್ಚಿ ಕುಳಿತಿತ್ತು. ನೆಗೆಟಿವ್‌ನ ಲೆಕ್ಕದಲ್ಲಿ ಬೆಳಕು ತಡೆದದ್ದೆಲ್ಲ ಚಿತ್ರದಲ್ಲಿ ಬಿಳಿ. ಕಣ್ಣಿಗೆ ಕಂಡೂ ಕಾಣದ ಒಂದು ಚೂರು ಕುಂಕುಮ ನನ್ನ ಅಮ್ಮನನ್ನು ಉದ್ದಕ್ಕೆ ಸೀಳಿತ್ತು.

ಮಾರಿದವನಿಗೆ ಫೋನು ಮಾಡಿದೆ. ಅವನಿಗೆ ನಾಚಿಕೆ ಎಂಬುದು ಹತ್ತಿರವೂ ಸುಳಿಯಲಿಲ್ಲ.

"ಪೂಜೆ ಮಾಡದೆ ಮಿಷನ್ ಓಡ್ತದಾ ಮೇಡಂ? ಪ್ರತಿ ವರ್ಷ ಆಯುಧ ಪೂಜೆಗೆ ತಪ್ಪದೆ ಮಾಡಿದ್ದೇನೆ. ನೀವು ಕಾರಿಗೆ ಕುಂಕುಮ ಹಚ್ಚುವುದಿಲ್ವಾ?"

"ಕಾರಿಗೆ ಹಚ್ಚುವುದು ಹೊರಗೆ. ಎಂಜಿನ್ನಿಗೆ ಸುರಿಯುತ್ತೀರಾ?"

"ಬಾಯಿಗೆ ಒಂದು ಚಿಟಿಕೆ ಹಾಕದಿದ್ದರೆ ಅದಕ್ಕೆ ಮುಟ್ಟುವುದು ಹೇಗೆ?" ಎಂದ. ಆ ಸೀಳನ್ನು ಅವನು ಬಾಯಿ ಎನ್ನುತ್ತಿದ್ದ. ಪ್ರಸಾದ ತಿನ್ನಿಸಿದ್ದನಂತೆ. ಇಂಥವನ ಹತ್ತಿರ ಜಗಳ ಆಡುವುದು ಗೋರ್ಕಲ್ಲ ಮೇಲೆ ಮಳೆ ಸುರಿದಂತೆ. ಫೋನು ಇಟ್ಟೆ.

ಮೂಗಿಗೆ ಬಟ್ಟೆ ಕಟ್ಟಿ, ಕೈಗೆ ಗ್ಲೌಸು ಹಾಕಿ, ಹಳೇ ಟೂತ್‌ಬ್ರಶ್ಶಿನಿಂದ ಜಿರಳೆ ಮೊಟ್ಟೆಗಳನ್ನು ಕೆರೆದೆ. ಒಂದು ಒಡೆಯಿತು. ಅದರ ಬಗ್ಗೆ ಬರೆಯಲಾರೆ. ಕನ್ನಡಿಯನ್ನು ಹತ್ತಿ ಮತ್ತು ಸ್ಪಿರಿಟ್‌ನಿಂದ ಒರೆಸಿದರೆ ಜಿಡ್ಡು ಇನ್ನಷ್ಟು ಹರಡಿತು, ಚಿತ್ರದಲ್ಲಿ ಬಾವಿಯೂ ಕಾಣದಾಯಿತು. ಅವನಿಗೆ, ಅವನ ಸ್ಟುಡಿಯೋಕ್ಕೆ, ಗಂಧ ತೇದ ಕೈಗೆ ಹಿಡಿಶಾಪ ಹಾಕುತ್ತಾ ಹತ್ತಿ ಬದಲಿಸಿ ಬದಲಿಸಿ ಒರೆಸಿದೆ. ಕೊನೆಗೆ ಹತ್ತಿಯ ತುದಿಗೆ ಕೆಂಪು ಬಂತು.

ಮತ್ತೆ ಫಿಲ್ಮ್ ತೂರಿಸಿದೆ. ಪರದೆಯ ಮೇಲೆ ಚಿತ್ರ ಮೇಲಿನಿಂದ ಇಂಚಿಂಚಾಗಿ ಇಳಿಯಿತು. ಚಪ್ಪರ, ಮುಡಿಯ ಮಲ್ಲಿಗೆ, ಹಣೆ. ಪಟ್ಟಿ ಇರಲಿಲ್ಲ. ಅಮ್ಮ ಕ್ಯಾಮೆರಾ ನೋಡುತ್ತಿರಲಿಲ್ಲ. ಕಟ್ಟೆಯ ಮೇಲಿದ್ದ ಮೀನಿನ ಬುಟ್ಟಿಯತ್ತ ನೋಡುತ್ತಿದ್ದಳು. ಮೂಗು ಸುಕ್ಕುಗಟ್ಟಿತ್ತು, ಮೇಲ್ತುಟಿ ಒಂದು ಬದಿಗೆ ಎದ್ದಿತ್ತು, ಒಂದು ಕಣ್ಣು ಅರ್ಧ ಮುಚ್ಚಿತ್ತು. ತಿದ್ದದ, ಬಣ್ಣ ಬಳಿಯದ, ಜೀವ ಇದ್ದ ಅಮ್ಮ. ನನಗೆ ನಗುವೂ ಅಳುವೂ ಒಟ್ಟಿಗೆ ಬಂತು. "ಅತ್ತೇ, ಬನ್ನಿ!" ಎಂದು ಕೂಗಿದೆ.

ಅತ್ತೆ ದೇವರ ಕೋಣೆಯಿಂದ ಕೈಯಲ್ಲಿ ಕುಂಕುಮದ ಕರಡಿಗೆ ಹಿಡಿದೇ ಬಂದರು. ಪರದೆಯ ಕಡೆಗೊಮ್ಮೆ ಕಣ್ಣು ಹಾಯಿಸಿ, "ಬಂತಾ? ಅಂತೂ ಬಂತಲ್ಲ ಮಾರಾಯ್ತಿ. ಈ ಮಿಷನಿಗೆ ಒಂದು ಚೂರು ಹಚ್ಚುತ್ತೇನೆ" ಎಂದು ಕುಂಕುಮದ ಬೆರಳನ್ನು ಆ ಸೀಳಿನ ಬಾಯಿಗೇ ತಂದರು.

"ಛೀ! ಬೇಡ!" ಎಂದು ಕಿರುಚಿ ಅವರ ಕೈ ಹಿಡಿದೆ.

ಅತ್ತೆ ನನ್ನ ಮುಖ ನೋಡಿದರು. ಬೈಯಲು ಬಾಯಿ ತೆರೆದವರು ಹಾಗೆಯೇ ನಿಂತು ಪರದೆಯನ್ನು ನೋಡಿದರು. ಮತ್ತೆ ನನ್ನನ್ನು ನೋಡಿದರು. ಅವರ ಕಣ್ಣು ತುಂಬಿತು.

"ಅಲ್ಲಿಂದ ತಂದದ್ದಾ ನೀನು ಇದನ್ನು" ಎಂದರು.

ಆ ಬೆರಳಿನ ಕುಂಕುಮವನ್ನು ನನ್ನ ಹಣೆಗೆ ಹಚ್ಚಿದರು. ಮುಖ ಸರಿ ಮಾಡು ಎಂದು ಹೇಳಲಿಲ್ಲ.