ಭಂಗಿನ ಮೇಲೆ ಭಂಡಾರ

ಅವ್ವನ ಕೆನ್ನೆಗಳ ಮೇಲೆ ಭಂಗು ಬಂದು ವರ್ಷಗಳೇ ಆದವು. ನಾವೀಗ ನೆಲೆಸಿರುವ ಪುಣೆಯವರು ಆ ಕಪ್ಪು ಕಲೆಗೆ ವಾಂಗ ಅನ್ನುತ್ತಾರೆ. ಹೆಸರು ಬೇರೆ, ಸಲಹೆ ಮಾತ್ರ ನಮ್ಮ ಧಾರವಾಡದ್ದೇ: ಏನಾದರೂ ಹಚ್ಚು. ಕಡಲೆಹಿಟ್ಟು, ಆಲೂಗಡ್ಡೆ ರಸ, ಹಾಲಿನಲ್ಲಿ ತೇಯ್ದ ಜಾಯಿಕಾಯಿ. ಇವನ್ನೆಲ್ಲ ನಾನು ಒಂದೊಂದಾಗಿ ವಾದದಲ್ಲಿ ಕೆಡವಿದೆ. ಕಾಲೇಜಿನ ಚರ್ಚಾಸ್ಪರ್ಧೆಗಳು ನನಗೆ ಕಲಿಸಿದ್ದೇ ಅದನ್ನು. ಯಾರಿಗೆ ವಾಸಿಯಾಗಿದೆ, ತೋರಿಸು. ಹಚ್ಚದಿದ್ದರೆ ವಾಸಿಯಾಗುತ್ತಿರಲಿಲ್ಲ ಅಂತ ಹೇಗೆ ಗೊತ್ತು? ಅವ್ವ ಹೋಗಿ ಮೆಡಿಕಲ್ ಅಂಗಡಿಯಿಂದ ಒಂದು ಟ್ಯೂಬ್ ತಂದುಕೊಂಡಳು.

ಆ ಟ್ಯೂಬಿಗೆ ಪುರಾವೆ ಇತ್ತು, ತೊಂದರೆಯಾದದ್ದೇ ಅಲ್ಲಿ. ಕೆಲವೇ ವಾರಗಳಲ್ಲಿ ಕಲೆ ತಿಳಿಯಾಯಿತು. ಆಮೇಲಾಮೇಲೆ ಚರ್ಮ ತೆಳ್ಳಗಾಗಿ, ಒಲೆಯ ಮುಂದೆ ನಿಂತರೂ ಮುಖ ಉರಿಯತೊಡಗಿತು. ಚರ್ಮದ ಡಾಕ್ಟರು ಟ್ಯೂಬನ್ನು ತಿರುಗಿಸಿ ನೋಡಿ, ಇದರಲ್ಲಿ ಸ್ಟೆರಾಯ್ಡ್ ಇದೆ, ಬಿಡಬೇಕು ಅಂದರು. ಬಿಟ್ಟರೆ ಕಲೆ ಮೊದಲಿಗಿಂತ ಕಪ್ಪಾಗಬಹುದು, ತಿಂಗಳುಗಟ್ಟಲೆ ತಾಳಬೇಕು, ತಾವು ಕೊಟ್ಟದ್ದನ್ನು ಬಿಟ್ಟು ಬೇರೇನನ್ನೂ ಮುಖಕ್ಕೆ ಸೋಕಿಸಬಾರದು ಅಂತಲೂ ಹೇಳಿದರು.

ಅವರು ಹೇಳಿದ ಹಾಗೇ ಕಪ್ಪಾಯಿತು. ಸ್ಕೂಟರಿನ ಮೇಲೆ ಇಲ್ಲಿನ ಹುಡುಗಿಯರು ಕಣ್ಣಷ್ಟೇ ಬಿಟ್ಟು ಮುಖಕ್ಕೆ ಸ್ಕಾರ್ಫ್ ಸುತ್ತಿಕೊಳ್ಳುತ್ತಾರಲ್ಲ, ಅವ್ವ ಹಾಲು ತರಲು ಲಿಫ್ಟಿನಲ್ಲಿ ಇಳಿಯುವಾಗಲೂ ಹಾಗೆ ಸುತ್ತಿಕೊಳ್ಳತೊಡಗಿದಳು. ಚಿಗವ್ವ ಅಂದರೆ ಚಿಕ್ಕಪ್ಪನ ಹೆಂಡತಿ; ಅವಳ ಮಗನ ಮದುವೆಯಲ್ಲಿ ಅವ್ವ ಸೆರಗು ಮುಂದಕ್ಕೆಳೆದುಕೊಂಡೇ ಇದ್ದಳು, ಒಂದು ಫೋಟೋಕ್ಕೂ ನಿಲ್ಲಲಿಲ್ಲ. ಮದುವೆಯಾದ ಮೇಲೆ ಹೊಸ ಜೋಡಿಯನ್ನು ಕುಲದೇವರಿಗೆ, ಜೇಜುರಿಯ ಖಂಡೋಬನಿಗೆ, ಕರೆದೊಯ್ಯುವುದು ನಮ್ಮ ಮನೆತನದ ಪದ್ಧತಿ. ಅದನ್ನು ತಪ್ಪಿಸುವಂತಿರಲಿಲ್ಲ.

"ಒಂದ ವಾರ ಆ ಟ್ಯೂಬ್ ಹಚ್ಚಿಕೋತೀನಿ. ಜೇಜುರಿ ಮುಗದ ಮ್ಯಾಲ ಬಿಡ್ತೀನಿ," ಅಂದಳು ಅವ್ವ.

"ಹಿಂದಕೂ ಒಂದ ವಾರ ಅಂತನ ಶುರು ಮಾಡಿದ್ದಿ ಅವ್ವಾ."

"ನಿನ್ನ ಕೂಡ ಮಾತಾಡಿ ಗೆದ್ದವರು ಯಾರದಾರ ಯವ್ವಾ. ತಗೋ, ಇದನ್ನೂ ನೀನ ಗೆದ್ದಿ. ಈ ಮಾರಿ ಹೊತ್ತು ತಿರಗೋದು ಮಾತ್ರ ನಾನು."

ಟ್ಯೂಬನ್ನು ಅವಳು ಹಚ್ಚಿಕೊಳ್ಳಲಿಲ್ಲ. ಆ ಹೊತ್ತಿಗೆ ಇಬ್ಬರೂ ದಣಿದಿದ್ದೆವು.

ಜೇಜುರಿಗೆ ಹೋಗುವ ದಿನ ಗಾಡಿ ಹತ್ತಿದಾಗ ಸೆಕೆಗೆ ಅವ್ವ ಸ್ಕಾರ್ಫ್ ಬಿಚ್ಚಲೇಬೇಕಾಯಿತು. ಚಿಗವ್ವ ಒಂದು ಗಳಿಗೆ ನೋಡಿ, "ಏನಕ್ಕಾ ಇದು, ಕಾಡಗಿ ಕಣ್ಣಿಗೆ ಹಚ್ಚೋದು ಬಿಟ್ಟು ಗಲ್ಲಕ್ಕ ಹಚ್ಚಿಯಲ್ಲ!" ಅಂದಳು. ಗಾಡಿಯೆಲ್ಲ ನಕ್ಕಿತು. ಅವ್ವನೂ ನಕ್ಕಳು. ಆಮೇಲೆ ದಾರಿಯುದ್ದಕ್ಕೂ ಕಿಟಕಿಯ ಕಡೆಗೇ ಮುಖ.

ಗುಡ್ಡದ ಮೇಲೆ ಎಲ್ಲವೂ ಹಳದಿ. ಖಂಡೋಬನ ಪ್ರಸಾದ ಅರಿಶಿನದ ಪುಡಿ, ಅದೇ ಭಂಡಾರ. ಮಂದಿ ಅದನ್ನು ಬೊಗಸೆಗಟ್ಟಲೆ ತೂರುತ್ತಾರೆ. ಕಲ್ಲು, ಕೂದಲು, ಹೊಸ ಸೀರೆ ಯಾವುದೂ ಬಣ್ಣ ಉಳಿಸಿಕೊಳ್ಳುವುದಿಲ್ಲ. ಅವ್ವ ಸುತ್ತಲೂ ನೋಡಿದಳು. ಅಲ್ಲಿ ಯಾವ ಮುಖ ಯಾರದೆಂದು ಗೊತ್ತಾಗುತ್ತಿರಲಿಲ್ಲ. ಭಂಡಾರದ ಪೊಟ್ಟಣ ಬಿಚ್ಚಿ ಚಿಗವ್ವನ ಕೈಗೆ ಕೊಟ್ಟಳು.

"ಪೂರ್ತಿ ಬಳಿ. ಒಂದೀಟೂ ಜಾಗಾ ಬಿಡಬ್ಯಾಡ."

ಹೇಳಬೇಕಾದದ್ದೆಲ್ಲ ನನ್ನ ನಾಲಗೆಯ ತುದಿಯಲ್ಲಿತ್ತು: ಬಿಡಿ ಪುಡಿಯಲ್ಲಿ ಏನೇನು ಬೆರೆಸಿರುತ್ತಾರೋ, ಹಸಿ ಚರ್ಮ, ಡಾಕ್ಟರ ಮಾತು. "ಅವ್ವಾ..." ಅಂದೆ.

"ಬಂದಳು ನೋಡ ವಕೀಲವ್ವ," ಅಂದಳು ಚಿಗವ್ವ. "ದೇವರ ಭಂಡಾರಕ್ಕೂ ಸಾಕ್ಷಿ ಬೇಕೇನ?"

ಚಿಗವ್ವನಿಗೆ ಉತ್ತರ ಕೊಡುವುದು ಸುಲಭವಿತ್ತು. ಆದರೆ ಅವ್ವ ಕಣ್ಣು ಮುಚ್ಚಿ, ಮುಖ ಮೇಲೆತ್ತಿ ಕಾಯುತ್ತಿದ್ದಳು. ನಾನು ಪಕ್ಕಕ್ಕೆ ಸರಿದೆ. ಆಮೇಲೆ ತೆಗೆದ ಪ್ರತಿ ಫೋಟೋದಲ್ಲೂ ಅವಳು ನಟ್ಟನಡುವೆ ಇದ್ದಾಳೆ.

ವಾಪಸು ಬರುವಾಗ ಸಾಸವಡ ಊರಿನ ಒಂದು ಚಹಾದ ಗೂಡಂಗಡಿ, ಟಪರಿಯ ಮುಂದೆ ಗಾಡಿ ನಿಂತಿತು. ಅವ್ವ ಮುಖ ತೊಳೆದುಕೊಂಡು ಬಂದಳು. ಕಲೆಗಳ ಸುತ್ತ ಚರ್ಮ ಕೆಂಪಾಗಿ ಊದಿಕೊಂಡಿತ್ತು, ಕಣ್ಣಲ್ಲಿ ನೀರು. ಡಾಕ್ಟರು ಹೇಳಿದ್ದನ್ನು ನಾನು ಈಗ ಚಿಗವ್ವನಿಗೆ ಹೇಳಿದೆ.

"ಅಕ್ಕಾ, ಹಚ್ಚಬಾರದು ಅಂತ ನನಗ ಹೇಳಬಾರದ?"

"ಹೇಳಿದ್ರ ನೀ ಬಳೀತಿದ್ದಿಲ್ಲ."

ನಾನು ಪಕ್ಕದ ಕಬ್ಬಿನಹಾಲಿನ ಗಾಡಿಯಿಂದ ಐಸ್ ತಂದು ಕರವಸ್ತ್ರದಲ್ಲಿ ಕಟ್ಟಿಕೊಟ್ಟೆ. ಅವ್ವ ಅದನ್ನು ಗಲ್ಲಕ್ಕೆ ಒತ್ತಿಕೊಂಡು, "ಆ ಟ್ಯೂಬ್ ಹಚ್ಚಿದ್ರ ಈಗ ಉರಿ ಇಳೀತದಲ್ಲ?" ಅಂತ ಕೇಳಿದಳು.

"ಇಳೀತದ."

"ಇಲ್ಲಿ ಸಿಗತದ?"

"ಯಾವ ಮೆಡಿಕಲ್‌ನ್ಯಾಗೂ ಸಿಗತದ."

ಎದುರು ಪಕ್ಷದ ಮಾತನ್ನು ನಾನೇ ಆಡಿ ಮುಗಿಸಿದ್ದೆ. ಮುಂದಿನ ತೀರ್ಮಾನ ಅವಳದು. ರಸ್ತೆಯ ಆಚೆ ಮೆಡಿಕಲ್ ಅಂಗಡಿ ತೆರೆದೇ ಇತ್ತು. ಅದನ್ನು ಬಹಳ ಹೊತ್ತು ನೋಡಿದಳು.

"ಡಾಕ್ಟರಿಗೆ ಫೋನ್ ಹಚ್ಚು," ಅಂದಳು. "ನೀ ಮಾತಾಡಬ್ಯಾಡ. ನನಗ ಕೊಡು."

ತನ್ನ ಹರಕು ಮರಾಠಿಯಲ್ಲಿ ಎಲ್ಲವನ್ನೂ ಹೇಳಿದಳು, ಯಾಕೆ ಬಳಿಸಿಕೊಂಡೆ ಅನ್ನುವುದನ್ನೂ. ಅತ್ತಲಿಂದ ಬೈಯುವುದು ನನಗೂ ಕೇಳುತ್ತಿತ್ತು. ಅವಳು ಹೂಂ, ಹೂಂ ಅನ್ನುತ್ತ ನಿಂತಿದ್ದಳು. ಟಪರಿಯ ಮಂದಿ ತಿರುತಿರುಗಿ ನೋಡುತ್ತಿದ್ದರು. ಅವ್ವ ಮುಖ ಮರೆಮಾಡಲಿಲ್ಲ. ಅಷ್ಟು ತ್ರಾಣವೂ ಅವಳಲ್ಲಿ ಉಳಿದಿರಲಿಲ್ಲ.